ಕೊಬ್ಬಿನ ಗುಟ್ಟು ಬಿಡಿಸಿದ ಶೆವ್ರಲ್

ಮಕ್ಕಳೇ, ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ನಿಮಗೆ ಕುಸುಬಿ ಎಣ್ಣೆ ಗೊತ್ತಿದೆಯಲ್ಲವೇ? ಚಳಿಗಾಲದ ಬೆಳಿಗ್ಗೆ ತುಪ್ಪ ಹೆಪ್ಪುಗಟ್ಟಿರುತ್ತದೆ. ಪಕ್ಕದಲ್ಲಿರುವ ಕುಸುಬಿ ಎಣ್ಣೆ ಮಾತ್ರ ಹರಿಯುತ್ತದೆ. ಎರಡೂ ಜಿಡ್ಡೇ. ಹಾಗಾದರೆ ಈ ವ್ಯತ್ಯಾಸವೇಕೆ? ಇದರ ಗುಟ್ಟು ಬಿಡಿಸಿದವರು ಫ್ರಾನ್ಸಿನ ರಸಾಯನ ವಿಜ್ಞಾನಿ ಮಿಷೆಲ್ ಯೂಜೀನ್ ಶೆವ್ರಲ್.

ಶೆವ್ರಲ್ 1786ರ ಆಗಸ್ಟ್ 31ರಂದು ಆಂಜೆ ಎಂಬ ಊರಿನಲ್ಲಿ ಜನಿಸಿದರು. ತಂದೆ ವೈದ್ಯರು. 17ನೇ ವಯಸ್ಸಿಗೆ ಪ್ಯಾರಿಸ್‌ಗೆ ಬಂದು ವೊಕ್ಲೆನ್ ಎಂಬ ವಿಜ್ಞಾನಿಯ ಪ್ರಯೋಗಾಲಯ ಸೇರಿದರು. ಒಮ್ಮೆ ಹಂದಿಯ ಕೊಬ್ಬಿನಿಂದ ಮಾಡಿದ ಸಾಬೂನನ್ನು ಪರೀಕ್ಷಿಸುವಾಗ ಮುತ್ತಿನಂತೆ ಹೊಳೆಯುವ ಹರಳುಗಳು ಕಂಡವು. ಅದೊಂದು ಆಮ್ಲವಾಗಿತ್ತು! ಕೊಬ್ಬಿನೊಳಗೆ ಏನಿದೆ ಎಂದು ಅವರು ವರ್ಷಗಟ್ಟಲೆ ಹುಡುಕಿದರು. 1823ರಲ್ಲಿ ಅದೆಲ್ಲವನ್ನೂ ಪುಸ್ತಕವಾಗಿ ಪ್ರಕಟಿಸಿದರು.

ಅವರು ಕಂಡುಕೊಂಡದ್ದೇನು? ಕೊಬ್ಬು ಗ್ಲಿಸರಿನ್ ಮತ್ತು ಮೇದಾಮ್ಲಗಳಿಂದ ಕೂಡಿದೆ. ಸ್ಟಿಯರಿಕ್‌ನಂತಹ ಆಮ್ಲಗಳು ಹೆಚ್ಚಿದ್ದರೆ ಜಿಡ್ಡು ಗಟ್ಟಿಯಾಗುತ್ತದೆ. ಓಲಿಯಿಕ್‌ನಂತಹ ಆಮ್ಲಗಳು ಹೆಚ್ಚಿದ್ದರೆ ದ್ರವವಾಗಿರುತ್ತದೆ.

ಜಿಡ್ಡಿನ ಸ್ವರೂಪ ತಿಳಿದ ಮೇಲೆ ಅದರ ಬದಲಿಗಳೂ ಬಂದವು. 1869ರಲ್ಲಿ ಮೇಜ್ ಮೂರಿಯೆ ಎಂಬುವರು ಬೆಣ್ಣೆಗೆ ಬದಲಾಗಿ ಅಗ್ಗದ ಮಾರ್ಗರಿನ್ ತಯಾರಿಸಿದರು. ಮುತ್ತಿನ ಹೊಳಪಿನ ಆ ಆಮ್ಲಕ್ಕೆ ಶೆವ್ರಲ್ ಇಟ್ಟಿದ್ದ ಹೆಸರಿನಿಂದಲೇ ಈ ಹೆಸರು ಬಂತು. 1902ರಲ್ಲಿ ಜರ್ಮನಿಯ ನಾರ್ಮನ್, ಜಲಜನಕ ಸೇರಿಸಿ ಎಣ್ಣೆಯನ್ನು ಗಟ್ಟಿಯಾಗಿಸುವ ವಿಧಾನಕ್ಕೆ ಪೇಟೆಂಟ್ ಪಡೆದರು. ತುಪ್ಪದ ಬದಲು ಬಳಸುವ ವನಸ್ಪತಿ ತಯಾರಾಗುವುದು ಹೀಗೆಯೇ. ಆದರೆ ಎಣ್ಣೆ ಅರೆಬರೆ ಗಟ್ಟಿಯಾಗುವಾಗ ಹೃದಯಕ್ಕೆ ಕೆಡುಕಾದ ಟ್ರಾನ್ಸ್ ಕೊಬ್ಬು ಉಂಟಾಗುತ್ತದೆ. ಇದು ತಿಳಿಯಲು ಹಲವು ದಶಕಗಳೇ ಬೇಕಾದವು. ಭಾರತದಲ್ಲಿ 2022ರ ಜನವರಿಯಿಂದ ಎಣ್ಣೆ ಮತ್ತು ಕೊಬ್ಬುಗಳಲ್ಲಿ ಇದು ಶೇಕಡಾ 2ನ್ನು ಮೀರುವಂತಿಲ್ಲ.

ಹಾಗಾದರೆ ಕೊಬ್ಬೇ ಬೇಡವೇ? ಬೇಕು! ಒಂದು ಗ್ರಾಂ ಕೊಬ್ಬು 9 ಕಿಲೋ ಕ್ಯಾಲೊರಿ ಶಕ್ತಿ ಕೊಡುತ್ತದೆ. ಎ, ಡಿ, ಇ, ಕೆ ಜೀವಸತ್ವಗಳನ್ನು ದೇಹ ಹೀರಿಕೊಳ್ಳಲು ಕೊಬ್ಬು ಬೇಕೇ ಬೇಕು. ಕೆಲವು ಮೇದಾಮ್ಲಗಳನ್ನು ನಮ್ಮ ದೇಹ ತಯಾರಿಸಲಾರದು. ಅವು ಆಹಾರದಿಂದಲೇ ಬರಬೇಕು. ರೊಟ್ಟಿಯೊಂದಿಗೆ ತಿನ್ನುವ ಶೇಂಗಾ ಹಿಂಡಿ, ಅಗಸಿ ಹಿಂಡಿಗಳಲ್ಲಿ ಅಂತಹ ಆಮ್ಲಗಳಿವೆ. ಎಣ್ಣೆಯಾಗಲಿ ತುಪ್ಪವಾಗಲಿ ಹಿತಮಿತವಾಗಿರಲಿ. ಅಂಗಡಿಯ ತಿಂಡಿ ಕೊಳ್ಳುವಾಗ ಪೊಟ್ಟಣದ ಮೇಲೆ ಟ್ರಾನ್ಸ್ ಕೊಬ್ಬು ಎಷ್ಟಿದೆ ಎಂದು ಓದಿ ನೋಡಿ.

ಶೆವ್ರಲ್ 102 ವರ್ಷ ಬಾಳಿದರು. ಪ್ಯಾರಿಸ್ಸಿನ ಐಫೆಲ್ ಗೋಪುರ ಪೂರ್ಣಗೊಂಡ ಒಂಬತ್ತು ದಿನಗಳ ಬಳಿಕ, 1889ರ ಏಪ್ರಿಲ್ 9ರಂದು ನಿಧನರಾದರು. ಆ ಗೋಪುರದ ಮೇಲೆ ಬರೆದಿರುವ 72 ಹೆಸರುಗಳಲ್ಲಿ ಅವರದೂ ಒಂದು.