ನಿಷೇಧದಲ್ಲೂ ಬೆಳೆದ ದ್ರಾಕ್ಷಿತೋಟ: ಜಾರ್ಜ್ ದ ಲಾತೂರ್ ಬದುಕು ಹೇಳುವ ಪಾನನಿಷೇಧದ ಕತೆ

1933ರ ಡಿಸೆಂಬರ್ 5ರಂದು ಯೂಟಾ ರಾಜ್ಯ ಒಪ್ಪಿಗೆ ಕೊಟ್ಟಿತು. ಬೇಕಿದ್ದ 36 ರಾಜ್ಯಗಳ ಲೆಕ್ಕ ಭರ್ತಿಯಾಯಿತು. ಅಮೆರಿಕದಲ್ಲಿ ಸುಮಾರು 14 ವರ್ಷ ಇದ್ದ ಪಾನನಿಷೇಧ ಅವತ್ತಿಗೆ ಮುಗೀತು. ಆ ದಿನ ಕ್ಯಾಲಿಫೋರ್ನಿಯಾದ ನಾಪಾ ಕಣಿವೆಯ ಬಹುತೇಕ ವೈನರಿಗಳ ಪೀಪಾಯಿಗಳು ಒಣಗಿ ಬಿರುಕು ಬಿಟ್ಟಿದ್ದವು. ಆದರೆ ರುದರ್‌ಫರ್ಡ್ ಅನ್ನೋ ಸಣ್ಣ ಊರಿನ ಒಂದು ವೈನರಿಯಲ್ಲಿ ಮಾತ್ರ ವರ್ಷಗಟ್ಟಲೆ ಮಾಗಿದ ವೈನ್ ಮಾರಾಟಕ್ಕೆ ಸಿದ್ಧವಾಗಿತ್ತು. ಅದರ ಯಜಮಾನ 77ರ ಹರೆಯದ ಜಾರ್ಜ್ ದ ಲಾತೂರ್. ಇಡೀ ದೇಶದಲ್ಲಿ ಮದ್ಯ ನಿಷೇಧವಾಗಿದ್ದ ಕಾಲದಲ್ಲಿ ಆತ ವೈನ್ ಮಾಡಿ, ಮಾರಿ, ಲಾಭ ಮಾಡಿಕೊಂಡಿದ್ದ. ಅದೂ ಪೂರ್ತಿ ಕಾನೂನುಬದ್ಧವಾಗಿ.

ಅದು ಹೇಗೆ ಸಾಧ್ಯವಾಯ್ತು?

ನಮ್ಮಲ್ಲಿ ಮದ್ಯ ನಿಷೇಧದ ಮಾತು ಬಂದಾಗಲೆಲ್ಲ ಎರಡು ತಂಡಗಳಾಗುತ್ತವೆ. ಒಂದು ತಂಡಕ್ಕೆ ನಿಷೇಧ ಅಂದರೆ ಬಡ ಹೆಣ್ಣುಮಕ್ಕಳ ರಕ್ಷಣೆ. ಇನ್ನೊಂದಕ್ಕೆ ಅದು ವ್ಯಕ್ತಿ ಸ್ವಾತಂತ್ರ್ಯದ ಮೇಲಿನ ದಾಳಿ. ನಾನು ಓದಿದ್ದು ಎಂಜಿನಿಯರಿಂಗ್. ಯಾವುದೇ ವ್ಯವಸ್ಥೆಯನ್ನು ನೋಡುವಾಗ ನಿಯಮಕ್ಕಿಂತ ಮೊದಲು ನಿಯಮದಿಂದ ಹೊರಗಿಟ್ಟಿದ್ದು ಏನು ಅಂತ ಹುಡುಕುವ ಅಭ್ಯಾಸ ಅಲ್ಲಿಂದ ಬಂತು. ಲಾತೂರ್‌ನ ಬದುಕು ನನ್ನನ್ನು ಎಳೆದದ್ದು ಅದಕ್ಕೇ.

ಪೀಪಾಯಿಯ ಕಸದಿಂದ ಶುರು

ಲಾತೂರ್ ಹುಟ್ಟಿದ್ದು 1856ರಲ್ಲಿ, ಫ್ರಾನ್ಸಿನ ಪೆರಿಗಾರ್ ಸೀಮೆಯಲ್ಲಿ. ಕಲಿತದ್ದು ರಸಾಯನಶಾಸ್ತ್ರ. ಆತನ ಯೌವನದ ದಿನಗಳಲ್ಲೇ ಫಿಲಾಕ್ಸೆರಾ ಅನ್ನೋ ಸಣ್ಣ ಕೀಟ ಫ್ರಾನ್ಸಿನ ದ್ರಾಕ್ಷಿ ಬಳ್ಳಿಗಳ ಬೇರು ತಿಂದು ತೋಟಕ್ಕೆ ತೋಟವನ್ನೇ ಮುಗಿಸುತ್ತಿತ್ತು. 1880ರ ದಶಕದಲ್ಲಿ ಆತ ಕ್ಯಾಲಿಫೋರ್ನಿಯಾ ಸೇರಿದ.

ಅಲ್ಲಿ ಆತ ಹಿಡಿದದ್ದು ಯಾರ ಕಣ್ಣಿಗೂ ಬೀಳದ ಕಸುಬು. ವೈನ್ ಪೀಪಾಯಿಯ ಒಳಗೋಡೆಗೆ ಹರಳಿನಂಥ ಒಂದು ಪದಾರ್ಥ ಕಟ್ಟಿಕೊಳ್ಳುತ್ತೆ. ವೈನ್ ಮಾಡುವವರಿಗೆ ಅದು ಕಸ. ಆದರೆ ಅದನ್ನು ಶುದ್ಧ ಮಾಡಿದರೆ ಬೇಕಿಂಗ್ ಪೌಡರಿಗೆ ಬೇಕಾದ ಕ್ರೀಮ್ ಆಫ್ ಟಾರ್ಟರ್ ಸಿಗುತ್ತೆ. ಲಾತೂರ್ ವೈನರಿಗಳಿಂದ ಈ ಕಸ ಸಂಗ್ರಹಿಸಿ ವ್ಯಾಪಾರ ಕಟ್ಟಿದ. ಜೊತೆಗೆ ಯಾವ ಮಣ್ಣು ಎಂಥದು, ಯಾರ ತೋಟ ಹೇಗಿದೆ ಅನ್ನೋದೂ ಪರಿಚಯವಾಯಿತು.

1900ರಲ್ಲಿ ರುದರ್‌ಫರ್ಡಿನಲ್ಲಿ ಜಮೀನು ಕೊಂಡ. ಹೆಂಡತಿ ಫರ್ನಾಂಡ್ ಅದಕ್ಕೆ ಬೋಲ್ಯೂ ಅಂತ ಹೆಸರಿಟ್ಟಳು. ಫ್ರೆಂಚಿನಲ್ಲಿ ಚಂದದ ಜಾಗ ಅಂತ ಅರ್ಥ. ಅಷ್ಟು ಹೊತ್ತಿಗೆ ಫಿಲಾಕ್ಸೆರಾ ನಾಪಾಕ್ಕೂ ಬಂದಾಗಿತ್ತು. ಕೀಟಕ್ಕೆ ಬಗ್ಗದ ಬೇರಿಗೆ ಕಸಿ ಕಟ್ಟಿದ ಬಳ್ಳಿಗಳನ್ನು ಲಾತೂರ್ ಫ್ರಾನ್ಸಿನಿಂದ ತರಿಸಿದ. ತನ್ನ ತೋಟಕ್ಕೂ ಹಾಕಿದ, ಅಕ್ಕಪಕ್ಕದ ರೈತರಿಗೂ ಮಾರಿದ.

ಆತನ ಬದುಕಿನ ನಿರ್ಣಾಯಕ ಹೆಜ್ಜೆ ಇದರ ನಂತರದ್ದು. ಕ್ಯಾಥೊಲಿಕ್ ಚರ್ಚಿನ ಪೂಜೆಗೆ ಕಲಬೆರಕೆ ಇಲ್ಲದ ದ್ರಾಕ್ಷಿ ವೈನ್ ಬೇಕೇ ಬೇಕು. ದೈವಭಕ್ತನಾಗಿದ್ದ ಲಾತೂರ್ ಸ್ಯಾನ್ ಫ್ರಾನ್ಸಿಸ್ಕೊದ ಆರ್ಚ್‌ಬಿಷಪ್‌ಗೆ ಹತ್ತಿರದವನು. ಚರ್ಚುಗಳಿಗೆ ವೈನ್ ಒದಗಿಸುವ ಮನ್ನಣೆ ಆತನಿಗೆ ಸಿಕ್ಕಿತು. ಆಗಿನ್ನೂ ನಿಷೇಧದ ಕಾನೂನು ಬಂದಿರಲಿಲ್ಲ.

ಕಾನೂನು ಬಂದ ದಾರಿ

ಪಾನನಿಷೇಧ ಯಾರೋ ಕೆಲವು ಮಡಿವಂತರ ಹುಚ್ಚು ಅಂದುಕೊಂಡರೆ ತಪ್ಪಾಗುತ್ತೆ. ಕೂಲಿಯ ದುಡ್ಡೆಲ್ಲ ಸಲೂನಿನಲ್ಲಿ ಕಳೆದು ಮನೆಗೆ ಬಂದು ಹೊಡೆಯುವ ಗಂಡ, ಆಸ್ತಿಯ ಮೇಲೂ ಮತದ ಮೇಲೂ ಹಕ್ಕಿಲ್ಲದ ಹೆಂಡತಿ: ಇದು ನಿಜವಾದ ಸಂಕಟ. 1874ರಲ್ಲಿ ಶುರುವಾದ ಕ್ರೈಸ್ತ ಮಹಿಳೆಯರ ಪಾನವಿರೋಧಿ ಸಂಘಟನೆ ಈ ನೋವಿನಿಂದಲೇ ಬೆಳೀತು. 1893ರಲ್ಲಿ ಒಹಾಯೊದಲ್ಲಿ ಹುಟ್ಟಿದ ಆ್ಯಂಟಿ ಸಲೂನ್ ಲೀಗ್ ಅದಕ್ಕೆ ರಾಜಕೀಯದ ಹಲ್ಲು ಕೊಟ್ಟಿತು. ಪಕ್ಷ ಯಾವುದಾದರೂ ಇರಲಿ, ನಮ್ಮ ಒಂದೇ ಬೇಡಿಕೆಗೆ ಹೂಂ ಅನ್ನುವವನಿಗೆ ಮತ ಅನ್ನೋದು ಅವರ ಲೆಕ್ಕ. ಇವತ್ತಿನ ಒಂದಂಶದ ಚಳವಳಿಗಳಿಗೆಲ್ಲ ಅವರು ಅಜ್ಜಂದಿರು.

1913ರಲ್ಲಿ ಆದಾಯ ತೆರಿಗೆ ಬಂತು. ಅಲ್ಲಿಯವರೆಗೆ ಮದ್ಯದ ಸುಂಕ ಕೇಂದ್ರದ ಬೊಕ್ಕಸಕ್ಕೆ ದೊಡ್ಡ ಆಧಾರವಾಗಿತ್ತು. ಆ ಅವಲಂಬನೆ ಸಡಿಲವಾಯಿತು. ಮೊದಲ ಮಹಾಯುದ್ಧ ಬಂದಾಗ ಬಿಯರ್ ತಯಾರಿಸುತ್ತಿದ್ದ ಜರ್ಮನ್ ಮೂಲದವರು ದೇಶದ್ರೋಹಿಗಳ ಹಾಗೆ ಕಂಡರು. 1919ರ ಜನವರಿಯಲ್ಲಿ ಸಂವಿಧಾನದ 18ನೇ ತಿದ್ದುಪಡಿಗೆ ಒಪ್ಪಿಗೆ ಸಿಕ್ಕಿ, 1920ರ ಜನವರಿ 17ರಿಂದ ಜಾರಿಯಾಯಿತು.

ದ್ರಾಕ್ಷಿ ಬೆಳೆಗಾರರಲ್ಲಿ ಬಹಳ ಜನ, ಈ ಸಿಟ್ಟೆಲ್ಲ ವಿಸ್ಕಿ ಮತ್ತು ಸಲೂನಿನ ಮೇಲೆ, ಊಟದ ಜೊತೆ ಕುಡಿಯುವ ವೈನಿನ ಮೇಲಲ್ಲ ಅಂತ ನಂಬಿದ್ದರು. ತಿದ್ದುಪಡಿಯಲ್ಲಿ ಇದ್ದದ್ದು ಅಮಲು ತರುವ ಪಾನೀಯ ಅನ್ನೋ ಮಾತು ಮಾತ್ರ. ಅಮಲು ಅಂದರೆ ಎಷ್ಟು ಅಂತ ಹೇಳಿದ್ದು ಆಮೇಲೆ ಬಂದ ವೋಲ್‌ಸ್ಟೆಡ್ ಕಾಯ್ದೆ. ಅದು ಗೆರೆ ಎಳೆದದ್ದು ಶೇ. 0.5ಕ್ಕೆ! ವೈನ್‌ನಲ್ಲಿ ಸಾಮಾನ್ಯವಾಗಿ ಶೇ. 12ರ ಆಸುಪಾಸು ಆಲ್ಕೋಹಾಲ್ ಇರುತ್ತೆ. ಒಂದು ವ್ಯಾಖ್ಯೆ ಒಂದು ಇಡೀ ಉದ್ಯಮವನ್ನು ಮುಳುಗಿಸಿತು.

ಮೂರು ಕಿಂಡಿಗಳು

ಆದರೆ ಕಾಯ್ದೆಯಲ್ಲಿ ಕಿಂಡಿಗಳಿದ್ದವು. ವೈದ್ಯರ ಚೀಟಿ ಇದ್ದರೆ ಔಷಧಿ ಅಂಗಡಿಯಲ್ಲಿ ವಿಸ್ಕಿ ಸಿಗುತ್ತಿತ್ತು. ಧಾರ್ಮಿಕ ಆಚರಣೆಗೆ ವೈನ್ ಬಳಸಬಹುದಿತ್ತು. ಮನೆಯಲ್ಲಿ ಹಣ್ಣಿನ ರಸ ಮಾಡಿಕೊಳ್ಳಬಹುದಿತ್ತು. ಮನೆಯೊಂದಕ್ಕೆ ವರ್ಷಕ್ಕೆ 200 ಗ್ಯಾಲನ್, ಅಂದರೆ 750 ಲೀಟರಿಗೂ ಹೆಚ್ಚು, ಅನ್ನೋದು ಚಾಲ್ತಿಯಲ್ಲಿದ್ದ ಮಿತಿ. ಆ ರಸ ಹುಳಿತರೆ ಏನಾಗುತ್ತೆ ಅಂತ ಎಲ್ಲರಿಗೂ ಗೊತ್ತಿತ್ತು.

ಮೂರನೇ ಕಿಂಡಿಯಿಂದ ವಿಚಿತ್ರ ನಡೆಯಿತು. ವೈನರಿಗಳು ಮುಚ್ಚುತ್ತಿದ್ದರೆ ದ್ರಾಕ್ಷಿಯ ಬೆಲೆ ಏರತೊಡಗಿತು. ಷಿಕಾಗೊ, ನ್ಯೂಯಾರ್ಕ್‌ಗಳ ಇಟಾಲಿಯನ್ ವಲಸಿಗರು ರೈಲಿನಲ್ಲಿ ಬಂದ ಹಣ್ಣನ್ನು ಕೊಂಡು ಮನೆಯಲ್ಲೇ ವೈನ್ ಮಾಡಿದರು. ನಿಷೇಧದ ಕಾಲದಲ್ಲಿ ಕ್ಯಾಲಿಫೋರ್ನಿಯಾದ ದ್ರಾಕ್ಷಿ ಪ್ರದೇಶ ಕುಗ್ಗಲಿಲ್ಲ, ಹಿಗ್ಗಿತು. ಆದರೆ ಒಳ್ಳೆಯ ವೈನ್ ಕೊಡುವ ತಳಿಗಳ ಹಣ್ಣು ನಾಜೂಕು, ಸಿಪ್ಪೆ ತೆಳು. ಅವನ್ನು ಕಿತ್ತು ದಪ್ಪ ಸಿಪ್ಪೆಯ, ಕಡುಕೆಂಪು ರಸದ ಅಲಿಕಾಂಟೆ ಬೂಶೆ ನೆಟ್ಟರು. ಲಾರಿಯಲ್ಲಿ ದಿಲ್ಲಿಗೆ ಹೋಗುವ ಕೋಲಾರದ ಟೊಮೆಟೊ ನೋಡಿದವರಿಗೆ ಇದು ತಕ್ಷಣ ಅರ್ಥವಾಗುತ್ತೆ: ರುಚಿಗಿಂತ ದಾರಿಯಲ್ಲಿ ತಡ್ಕೊಳ್ಳೋದು ಮುಖ್ಯ. 1920ರ ದಶಕದ ನಡುಭಾಗದ ಹೊತ್ತಿಗೆ ಬೆಳೆ ಅತಿಯಾಗಿ ಬೆಲೆ ಕುಸಿಯಿತು. ಸಾಲ ಮಾಡಿ ಬಳ್ಳಿ ಹಾಕಿದವರು ಸಿಕ್ಕಿಬಿದ್ದರು.

ಎರಡನೇ ಕಿಂಡಿ ಲಾತೂರ್‌ನದು. ಪರವಾನಗಿ ಇತ್ತು, ಚರ್ಚಿನ ಸಂಪರ್ಕ ಇತ್ತು, ದೇಶದುದ್ದಕ್ಕೂ ಗಿರಾಕಿಗಳಿದ್ದರು. 1923ರಲ್ಲಿ, ಸುತ್ತಲಿನವರು ಬಾಗಿಲು ಹಾಕುತ್ತಿದ್ದಾಗ, ಆತ ರುದರ್‌ಫರ್ಡಿನಲ್ಲೇ ಇನ್ನೊಂದು ದೊಡ್ಡ ವೈನರಿ ಕೊಂಡ. ಬಿಳಿ ವೈನಿಗಾಗಿ ಲಿವರ್‌ಮೋರಿನ ವೆಂಟೆ ಕುಟುಂಬದ ಜೊತೆ ವ್ಯವಹಾರ ಮಾಡಿದ, ಆ ಕುಟುಂಬವೂ ಬದುಕಿಕೊಂಡಿತು.

ಪೂಜೆಗೆ ಅಂತ ಹೊರಟ ವೈನ್ ಎಲ್ಲ ಪೂಜೆಗೇ ಹೋಯ್ತಾ? ದೇಶದಲ್ಲಿ ಆಗ ನಕಲಿ ಧರ್ಮಗುರುಗಳು ಹುಟ್ಟಿಕೊಂಡಿದ್ದರು, ಧಾರ್ಮಿಕ ವೈನಿನ ಬೇಡಿಕೆ ಅನುಮಾನ ಬರುವಷ್ಟು ಏರಿತ್ತು. ಲಾತೂರ್ ಕಾನೂನು ಮುರಿದ ಅಂತ ನಾನು ಹೇಳ್ತಿಲ್ಲ. ಆತನಿಗೆ ಮುರಿಯುವ ಅಗತ್ಯವೇ ಇರಲಿಲ್ಲ. ನನ್ನ ತಕರಾರು ಇರೋದೇ ಅಲ್ಲಿ. ಆತ ಒಳ್ಳೆಯ ಕೃಷಿಕ, ನಿಜ. ಆದರೆ ಪಕ್ಕದ ತೋಟದವನೂ ಒಳ್ಳೆಯ ಕೃಷಿಕನೇ ಆಗಿದ್ದಿರಬಹುದು. ಅವನಿಗೆ ಆರ್ಚ್‌ಬಿಷಪ್ ಗೊತ್ತಿರಲಿಲ್ಲ, ಅಷ್ಟೆ.

ರದ್ದತಿ, ಮತ್ತು ಅದರಾಚೆ

ನಿಷೇಧದಿಂದ ಏನೂ ಒಳ್ಳೆಯದಾಗಲಿಲ್ಲ ಅನ್ನೋದು ಸುಳ್ಳು. ಮೊದಲ ವರ್ಷಗಳಲ್ಲಿ ಕುಡಿತ ಕಡಿಮೆಯಾಯಿತು, ಯಕೃತ್ತಿನ ಕಾಯಿಲೆಯ ಸಾವುಗಳು ಇಳಿದವು. ಆದರೆ ಕಳ್ಳ ಮದ್ಯದ ಜಾಲ ಬೆಳೆಯಿತು, ಪೊಲೀಸರು ಲಂಚಕ್ಕೆ ಬಿದ್ದರು. ಕುಡಿಯದಿರಲಿ ಅಂತ ಕೈಗಾರಿಕಾ ಆಲ್ಕೋಹಾಲಿಗೆ ಸರ್ಕಾರವೇ ವಿಷ ಬೆರೆಸಲು ಹೇಳಿತ್ತು. ಅದನ್ನು ಕುಡಿದು ಜನ ಸತ್ತರು. ಸತ್ತವರಲ್ಲಿ ವೈದ್ಯರ ಚೀಟಿಗೆ ದುಡ್ಡಿಲ್ಲದವರೇ ಹೆಚ್ಚಿದ್ದಿರಬೇಕು ಅಂತ ಊಹಿಸೋದು ಕಷ್ಟವಲ್ಲ.

1929ರಲ್ಲಿ ಪಾಲಿನ್ ಸೇಬಿನ್ ಅನ್ನೋ ಮಹಿಳೆ ನಿಷೇಧದ ವಿರುದ್ಧ ಮಹಿಳೆಯರ ಸಂಘಟನೆ ಕಟ್ಟಿದಳು. ಹೆಣ್ಣುಮಕ್ಕಳ ಹೆಸರಲ್ಲಿ ಬಂದ ಕಾನೂನಿಗೆ ಹೆಣ್ಣುಮಕ್ಕಳೇ ಎದುರು ನಿಂತರು. ಅದೇ ವರ್ಷ ಆರ್ಥಿಕ ಕುಸಿತ ಬಂತು, ಸರ್ಕಾರಕ್ಕೆ ತೆರಿಗೆ ಬೇಕಾಯಿತು. 1933ರಲ್ಲಿ 21ನೇ ತಿದ್ದುಪಡಿ 18ನೆಯದನ್ನು ಅಳಿಸಿತು. ಅಧಿಕಾರ ರಾಜ್ಯಗಳ ಕೈಗೆ ಹೋಯಿತು. ಮಿಸಿಸಿಪ್ಪಿ 1966ರವರೆಗೂ ನಿಷೇಧ ಬಿಡಲಿಲ್ಲ.

ಆದರೆ ಕೈಗಸುಬು ಕಾನೂನಿನಷ್ಟು ಬೇಗ ವಾಪಸ್ ಬರಲ್ಲ. ಒಂದು ತಲೆಮಾರು ವೈನ್ ಮಾಡೋದನ್ನೇ ಕಲಿತಿರಲಿಲ್ಲ. ಒಳ್ಳೆಯ ತಳಿಗಳು ಹೋಗಿದ್ದವು. ಜನರ ನಾಲಿಗೆಗೆ ಸಿಹಿಯಾದ, ಗಡುಸಾದ ವೈನ್ ಹಿಡಿಸಿತ್ತು. ಅಮೆರಿಕದಲ್ಲಿ ಊಟದ ವೈನಿನ ಮಾರಾಟ ಅದನ್ನು ಮೀರಲು 1960ರ ದಶಕದ ಕೊನೆಯವರೆಗೆ ಕಾಯಬೇಕಾಯಿತು. ಲಾತೂರ್ ಕೂಡ ಪರಿಣತರಿಗಾಗಿ ಫ್ರಾನ್ಸಿಗೇ ಹೋಗಬೇಕಾಯಿತು. ಅಲ್ಲಿಂದ 1938ರಲ್ಲಿ ಆಂದ್ರೆ ಚೆಲಿಶ್ಚೆಫ್ ಅನ್ನೋ ರಷ್ಯನ್ ಮೂಲದ ತಜ್ಞನನ್ನು ಕರೆತಂದ. ನಾಪಾದ ವೈನ್‌ಗಳ ಗುಣಮಟ್ಟ ಎತ್ತಿದವರಲ್ಲಿ ಆ ತಜ್ಞನ ಹೆಸರು ಮೊದಲಿಗೆ ಬರುತ್ತೆ. ಲಾತೂರ್ 1940ರಲ್ಲಿ ತೀರಿಕೊಂಡ. ಆತನ ಹೆಸರು ಹೊತ್ತ ಕ್ಯಾಬರ್ನೆ ವೈನ್ ಇವತ್ತಿಗೂ ಬರುತ್ತಿದೆ. ಕುಟುಂಬ 1969ರಲ್ಲಿ ಬೋಲ್ಯೂವನ್ನು ದೊಡ್ಡ ಕಂಪನಿಗೆ ಮಾರಿತು.

ನಮ್ಮ ಕಿಂಡಿಗಳು

ನಮ್ಮ ಸಂವಿಧಾನದ 47ನೇ ವಿಧಿ ಪಾನನಿಷೇಧಕ್ಕೆ ಪ್ರಯತ್ನಿಸಬೇಕು ಅನ್ನುತ್ತೆ. ಔಷಧಿಯ ಬಳಕೆಗೆ ವಿನಾಯಿತಿಯನ್ನೂ ಅಲ್ಲೇ ಇಡುತ್ತೆ. ಗುಜರಾತಿನಲ್ಲಿ ಆರೋಗ್ಯದ ಪರ್ಮಿಟ್ ಇದೆ. 2023ರ ಡಿಸೆಂಬರ್‌ನಲ್ಲಿ ಅಲ್ಲಿನ ಗಿಫ್ಟ್ ಸಿಟಿಗೆ ಸಡಿಲಿಕೆಯೂ ಸಿಕ್ಕಿತು. ಅದಕ್ಕೆ ಒಂದೂವರೆ ವರ್ಷ ಮೊದಲು ಅದೇ ರಾಜ್ಯದ ಬೋಟಾದ್ ಕಡೆ ವಿಷಮದ್ಯಕ್ಕೆ ಹತ್ತಾರು ಬಡವರು ಬಲಿಯಾಗಿದ್ದರು. 2016ರಿಂದ ನಿಷೇಧ ಇರುವ ಬಿಹಾರದ ಸಾರಣ್‌ನಲ್ಲಿ 2022ರ ಕೊನೆಗೆ ಅದೇ ಆಯಿತು. ಕರ್ನಾಟಕ 2007ರಲ್ಲಿ ಸಾರಾಯಿ ನಿಷೇಧಿಸಿತು. ಬಾರಿನ ವಿಸ್ಕಿ ಹಾಗೇ ಉಳಿಯಿತು.

ಕುಡುಕ ಗಂಡನಿಂದ ಬೇಸತ್ತ ಹೆಣ್ಣುಮಗಳ ಬೇಡಿಕೆಯನ್ನು ತಳ್ಳಿಹಾಕುವ ಧೈರ್ಯ ನನಗಿಲ್ಲ, ತಳ್ಳಲೂ ಬಾರದು. ಆದರೆ ಆಕೆಯ ಹೆಸರಲ್ಲಿ ಬರುವ ಕಾಯ್ದೆ ಯಾರಿಗೆ ಪರ್ಮಿಟ್ ಕೊಡುತ್ತೆ, ಯಾರನ್ನು ಜೈಲಿಗೆ ಕಳಿಸುತ್ತೆ ಅಂತ ಕೇಳಲೇಬೇಕು. ಮುಂದಿನ ಸಲ ಇಂಥ ಮಸೂದೆ ಬಂದಾಗ ಪೀಠಿಕೆಯ ಚಂದದ ಮಾತುಗಳನ್ನು ದಾಟಿ ವಿನಾಯಿತಿಗಳ ಕಲಮಿಗೆ ಹೋಗಿ. ಅದರಲ್ಲಿ ಯಾರ ಹೆಸರು ಬರೆದಿಲ್ಲವಾದರೂ ಯಾರಿಗಾಗಿ ಬರೆದದ್ದು ಅಂತ ಓದಿದ ಕೂಡಲೇ ತಿಳಿಯುತ್ತೆ.