ಬೇಸಿಗೆಗೆ ನೀರು ಕೂಡಿಟ್ಟ ಸರ್ ಎಂ.ವಿ.

ಮಕ್ಕಳೇ, ಸೆಪ್ಟೆಂಬರ್ 15 ಎಂಜಿನಿಯರುಗಳ ದಿನ. ಅದು ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ ದಿನ. ನದಿಯ ನೀರಿನಿಂದ ಟರ್ಬೈನ್ ತಿರುಗಿಸಿದರೆ ನದಿಯ ಸಹಜ ಹರಿವಿಗೆ ಏನಾಗುತ್ತದೆ? ಈ ಪ್ರಶ್ನೆಗೆ ಅವರ ಜೀವನದಲ್ಲಿ ಉತ್ತರವಿದೆ.

ಅವರ ಊರು ಇಂದಿನ ಚಿಕ್ಕಬಳ್ಳಾಪುರ ಜಿಲ್ಲೆಯ ಮುದ್ದೇನಹಳ್ಳಿ. ಚಿಕ್ಕಂದಿನಲ್ಲೇ ತಂದೆ ತೀರಿಕೊಂಡರು. ಬೆಂಗಳೂರಿನಲ್ಲಿ ಬೇರೆ ಮಕ್ಕಳಿಗೆ ಪಾಠ ಹೇಳಿಕೊಡುತ್ತ ತಾವೂ ಓದಿದರು. ಪುಣೆಯಲ್ಲಿ ಎಂಜಿನಿಯರಿಂಗ್ ಮುಗಿಸಿ, 1884ರಲ್ಲಿ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಗೆ ಸೇರಿದರು. ನಮ್ಮ ರೋಣ, ನರಗುಂದಗಳೂ ಆಗ ಅದೇ ಪ್ರಾಂತದಲ್ಲಿದ್ದವು.

1909ರಲ್ಲಿ ಅವರು ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ಆದರು. ಅಲ್ಲಿ ಒಂದು ಕಠಿಣ ಸಮಸ್ಯೆ ಕಾದಿತ್ತು. ಕಾವೇರಿಯ ಶಿವನಸಮುದ್ರದಲ್ಲಿ 1902ರಿಂದ ವಿದ್ಯುತ್ ತಯಾರಾಗುತ್ತಿತ್ತು. ಜಲಪಾತದ ಮೇಲಿನಿಂದ ಕಾಲುವೆಗೆ ತಿರುಗಿಸಿದ ನೀರು ಕೊಳವೆಗಳಲ್ಲಿ ಧುಮುಕಿ, ಟರ್ಬೈನ್ ತಿರುಗಿಸಿ, ಮತ್ತೆ ನದಿಗೆ ಸೇರುತ್ತಿತ್ತು. ಆ ವಿದ್ಯುತ್ತು ಸುಮಾರು 147 ಕಿ.ಮೀ. ದೂರದ ಕೋಲಾರ ಚಿನ್ನದ ಗಣಿಗೆ ಹೋಗುತ್ತಿತ್ತು. ಆದರೆ ಬೇಸಿಗೆಯಲ್ಲಿ ಕಾವೇರಿ ಸೊರಗುತ್ತಿತ್ತು. ನೀರು ಕಡಿಮೆಯಾದರೆ ವಿದ್ಯುತ್ತೂ ಕಡಿಮೆ!

ಮಳೆಗಾಲದ ನೀರನ್ನು ಕೂಡಿಟ್ಟು ಬೇಸಿಗೆಯಲ್ಲಿ ಬಿಡುವುದೇ ವಿಶ್ವೇಶ್ವರಯ್ಯನವರು ಕಂಡ ಉಪಾಯ. 1911ರಲ್ಲಿ ಕಣ್ಣಂಬಾಡಿಯ ಬಳಿ ಕೃಷ್ಣರಾಜಸಾಗರದ ಕೆಲಸ ಆರಂಭವಾಯಿತು. ಮರುವರ್ಷ ಅವರು ದಿವಾನರಾದರು. ಆದರೆ ಕೆಲಸ ಸುಲಭವಾಗಿರಲಿಲ್ಲ. ಜಲಾಶಯಕ್ಕಾಗಿ ಹಳ್ಳಿಗಳ ಜನ ಮನೆ, ಹೊಲ ಬಿಟ್ಟು ಹೋಗಬೇಕಾಯಿತು. ಕೆಳಭಾಗದ ತಮ್ಮ ರೈತರಿಗೆ ನೀರು ಸಿಗದೆಂದು ಮದ್ರಾಸ್ ಪ್ರಾಂತ ಆಕ್ಷೇಪಿಸಿತು. ಕೊನೆಗೆ 1924ರಲ್ಲಿ ಎರಡೂ ಸರ್ಕಾರಗಳು ಒಪ್ಪಂದ ಮಾಡಿಕೊಂಡವು. 1930ರ ದಶಕದ ಆರಂಭದಲ್ಲಿ ಅಣೆಕಟ್ಟು ಪೂರ್ಣವಾಯಿತು. ವಿದ್ಯುತ್ತಿನ ಜೊತೆಗೆ ಮಂಡ್ಯದ ಹೊಲಗಳಿಗೂ ನೀರು ಬಂತು.

ಇದರಿಂದ ಏನು ತಿಳಿಯುತ್ತದೆ? ಟರ್ಬೈನ್ ನೀರನ್ನು ಕುಡಿದು ಮುಗಿಸುವುದಿಲ್ಲ. ಆದರೆ ಅದಕ್ಕಾಗಿ ನೀರು ಹರಿಯುವ ದಾರಿ ಮತ್ತು ಕಾಲ ಬದಲಾಗುತ್ತವೆ. ಆ ಬದಲಾವಣೆ ನದಿಯ ದಂಡೆಯ ಎಲ್ಲರನ್ನೂ ಮುಟ್ಟುತ್ತದೆ.

ಅಣೆಕಟ್ಟಿಲ್ಲದೆ, ಹರಿಯುವ ನೀರಿನಲ್ಲೇ ಮುಳುಗಿಸಿಡುವ ಟರ್ಬೈನುಗಳೂ ಈಗ ಬಂದಿವೆ. ಗಜೇಂದ್ರಗಡದ ಗುಡ್ಡದ ಮೇಲೆ ಗಾಳಿಯಂತ್ರ ತಿರುಗುವುದನ್ನು ನೀವು ನೋಡಿದ್ದೀರಲ್ಲ? ಇವು ಕೆಲಸ ಮಾಡುವುದೂ ಹಾಗೆಯೇ. ಇವು ನೀರಿನ ವೇಗದಲ್ಲಿ ಒಂದಿಷ್ಟನ್ನು ಪಡೆಯುತ್ತವೆ. ಆದ್ದರಿಂದ ಟರ್ಬೈನ್ ದಾಟಿದ ನೀರು ಸ್ವಲ್ಪ ದೂರ ನಿಧಾನವಾಗುತ್ತದೆ. ನಿಧಾನವಾದ ಕಡೆ ಹೂಳು ಕೂರಬಹುದು. ಹಾಗಾಗಿ ಒಂದರ ಹಿಂದೆ ಒಂದನ್ನು ಒತ್ತಾಗಿ ಇಡುವುದಿಲ್ಲ. ಆದರೆ ನದಿ ಬತ್ತಿದರೆ ಇವೂ ನಿಲ್ಲುತ್ತವೆ. ನಮ್ಮ ಮಲಪ್ರಭೆಯೂ ಬೇಸಿಗೆಯಲ್ಲಿ ಸೊರಗುವ ನದಿಯೇ. ಅದಕ್ಕೆಂದೇ ನವಿಲುತೀರ್ಥದಲ್ಲಿ ನೀರು ಕೂಡಿಟ್ಟು, ಕಾಲುವೆಯಲ್ಲಿ ನರಗುಂದ, ರೋಣದ ಕಡೆಗೆ ಬಿಡುತ್ತಾರೆ.

ವಿಶ್ವೇಶ್ವರಯ್ಯನವರಿಗೆ 1955ರಲ್ಲಿ ಭಾರತ ರತ್ನ ದೊರೆಯಿತು. ನೂರು ವರ್ಷ ದಾಟಿ ಬದುಕಿದ ಅವರು 1962ರ ಏಪ್ರಿಲ್‌ನಲ್ಲಿ ನಿಧನರಾದರು.

ಮಾಡಿ ನೋಡಿ: ಮಳೆ ಬಂದಾಗ ಶಾಲೆಯ ಅಂಗಳದಲ್ಲಿ ಹರಿಯುವ ನೀರಿಗೆ ಕಡ್ಡಿ, ರಟ್ಟಿನಿಂದ ಮಾಡಿದ ಚಕ್ರವನ್ನು ಹಿಡಿಯಿರಿ. ಚಕ್ರದ ಮುಂದೆ ಒಂದು, ಹಿಂದೆ ಒಂದು ಎಲೆ ತೇಲಿಬಿಡಿ. ಯಾವ ಎಲೆ ನಿಧಾನವಾಗಿ ಹೋಯಿತು? ಬರೆದಿಟ್ಟು ಗುರುಗಳಿಗೆ ತೋರಿಸಿರಿ.