ವೈದ್ಯರಿಗೆ ಮುನ್ನ ದಾದಿಯರನ್ನು ರೂಪಿಸಿದ ಡಾ. ಐಡಾ ಸ್ಕಡರ್

ಮೈಸೂರಿನ ಆಸ್ಪತ್ರೆಗಳನ್ನು ಸುತ್ತಿದರೂ ಕಾಯಿಲೆ ಗುಣವಾಗದಿದ್ದರೆ ಚುಂಚನಕಟ್ಟೆ, ಕೆ.ಆರ್. ನಗರ ಭಾಗದ ಅನೇಕ ಕುಟುಂಬಗಳಿಗೆ ನೆನಪಾಗುವ ಊರು ವೇಲೂರು. ಅಲ್ಲಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಸ್ಥಾಪಕಿ ಡಾ. ಐಡಾ ಸ್ಕಡರ್ ಅವರ ಹೆಸರು ಸುಪರಿಚಿತ. ಆದರೆ ಅವರು ವೈದ್ಯರಿಗಿಂತ ಮೊದಲು ದಾದಿಯರ ತರಬೇತಿಗೆ ಕೈಹಾಕಿದ್ದು ಅಷ್ಟಾಗಿ ತಿಳಿದ ಸಂಗತಿಯಲ್ಲ.

1870ರ ಡಿಸೆಂಬರ್ 9ರಂದು ಮಿಷನರಿ ವೈದ್ಯರ ಮಗಳಾಗಿ ಜನಿಸಿದ ಐಡಾ ಅವರಿಗೆ ಭಾರತದಲ್ಲಿ ನೆಲೆಸುವ ಇಚ್ಛೆ ಇರಲಿಲ್ಲ. ತಿಂಡಿವನಂನಲ್ಲಿ ತಂದೆತಾಯಿಯೊಡನೆ ಇದ್ದಾಗ ಒಂದೇ ರಾತ್ರಿ ಮೂವರು ಗಂಡಂದಿರು ಬಾಗಿಲು ತಟ್ಟಿದರು. ಮೂವರ ಪತ್ನಿಯರೂ ಹೆರಿಗೆ ಸಂಕಟದಲ್ಲಿದ್ದರು; ಪುರುಷ ವೈದ್ಯರು ಮುಟ್ಟುವುದು ಮಾತ್ರ ಅವರಿಗೆ ಸಮ್ಮತವಿರಲಿಲ್ಲ. ಬೆಳಗಾಗುವಷ್ಟರಲ್ಲಿ ಮೂವರೂ ತೀರಿಕೊಂಡಿದ್ದರು. ಐಡಾ ಅಮೆರಿಕಕ್ಕೆ ಮರಳಿ, 1899ರಲ್ಲಿ ಕಾರ್ನೆಲ್‌ನಿಂದ ವೈದ್ಯ ಪದವಿ ಪಡೆದು ಬಂದರು.

ವೇಲೂರಿನಲ್ಲಿ ಒಂದೇ ಹಾಸಿಗೆಯಿಂದ ಕೆಲಸ ಆರಂಭವಾಯಿತು. ನೆರವಿಗಿದ್ದವಳು ಮನೆಯ ಬಟ್ಲರನ ಪತ್ನಿ ಸಲೋಮಿ. 1902ರಲ್ಲಿ 40 ಹಾಸಿಗೆಗಳ ಮೇರಿ ಟೇಬರ್ ಶೆಲ್ ಆಸ್ಪತ್ರೆ ತೆರೆದಾಗ ಕೊರತೆ ಸ್ಪಷ್ಟವಾಯಿತು. ಶಸ್ತ್ರಚಿಕಿತ್ಸೆಯನ್ನು ವೈದ್ಯೆ ಒಂದು ಗಂಟೆಯಲ್ಲಿ ಮುಗಿಸಬಹುದು. ಅನಂತರ ಜ್ವರ ಏರಿತೇ, ರಕ್ತ ಒಸರುತ್ತಿದೆಯೇ, ಗಾಯ ಕೀವುಗಟ್ಟಿತೇ ಎಂದು ರಾತ್ರಿಯಿಡೀ ನೋಡಿ, ಅಗತ್ಯವಾದಾಗ ವೈದ್ಯೆಯನ್ನು ಎಬ್ಬಿಸಬಲ್ಲ ತಿಳಿವಳಿಕೆಯುಳ್ಳವರು ಬೇಕು. ಅಪ್ಪಣೆ ಪಾಲಿಸುವ ಕೈಗಳಷ್ಟೇ ಅಲ್ಲಿ ಸಾಲವು. ಮಲಮೂತ್ರ, ರಕ್ತ ಮುಟ್ಟುವ ಕೆಲಸಕ್ಕೆ ಹೆಣ್ಣುಮಕ್ಕಳನ್ನು ಕಳುಹಿಸಲು ಮನೆಗಳು ಹಿಂಜರಿಯುತ್ತಿದ್ದ ಕಾಲವದು. ಆದರೂ 1909ರಲ್ಲಿ ಡೀಲಿಯಾ ಹೌಟನ್ ಎಂಬ ನರ್ಸ್ ಅವರ ನೇತೃತ್ವದಲ್ಲಿ ಶುಶ್ರೂಷಾ ಶಾಲೆ ಆರಂಭವಾಯಿತು. ವೇಲೂರಿನ ಖ್ಯಾತಿಯಲ್ಲಿ ಅರ್ಧಪಾಲು ಈ ಶಾಲೆಯದೆಂದರೆ ಅತಿಶಯೋಕ್ತಿಯಾಗದು. ಆದರೆ ಐಡಾ ಅವರನ್ನು ಬಲ್ಲ ರೋಗಿಗಳಲ್ಲಿ ಡೀಲಿಯಾ ಹೆಸರು ಕೇಳಿದವರು ವಿರಳ. ನಮ್ಮ ಆಸ್ಪತ್ರೆಗಳಲ್ಲೂ ವೈದ್ಯರ ಹೆಸರು ಫಲಕದ ಮೇಲಿರುತ್ತದೆ. ದಾದಿ ಬರೀ ಸಿಸ್ಟರ್.

ಮಹಿಳೆಯರ ವೈದ್ಯಕೀಯ ಶಾಲೆ ಆರಂಭವಾದದ್ದು 1918ರಲ್ಲಿ, ಅಂದರೆ ಒಂಬತ್ತು ವರ್ಷಗಳ ನಂತರ. ಮೂರು ಅರ್ಜಿ ಬಂದರೆ ಹೆಚ್ಚೆಂದು ಮದರಾಸಿನ ಹಿರಿಯ ಅಧಿಕಾರಿ ಭಾವಿಸಿದ್ದರು, ಬಂದದ್ದು 151. ಹೀಗೆ ಅಲ್ಲಿ ಕಲಿಯಲು ಬಂದ ಭಾವಿ ವೈದ್ಯೆಯರಿಗೆ ತರಬೇತಿ ಪಡೆದ ದಾದಿಯರ ಒಡನಾಟ ಮೊದಲಿನಿಂದಲೇ ದೊರೆಯಿತು.

1946ರಲ್ಲಿ ಶುಶ್ರೂಷಾ ಶಾಲೆ ಪದವಿ ಕಾಲೇಜಾಯಿತು. ಅದೇ ವರ್ಷ ದೆಹಲಿಯಲ್ಲಿ ಆರಂಭವಾದ ಕಾಲೇಜಿನೊಂದಿಗೆ ದೇಶದ ಮೊದಲ ಶುಶ್ರೂಷಾ ಪದವಿ ಕಾಲೇಜುಗಳಲ್ಲಿ ಅದೂ ಒಂದು. ಎಪ್ಪತ್ತೈದರ ಆಸುಪಾಸಿನಲ್ಲಿದ್ದ ಐಡಾ ಇದನ್ನು ಕಣ್ಣಾರೆ ಕಂಡರು. 1960ರ ಮೇ ತಿಂಗಳಲ್ಲಿ ಕೊಡೈಕೆನಾಲ್‌ನಲ್ಲಿ ನಿಧನರಾದಾಗ ಅವರಿಗೆ 89 ವರ್ಷ.